ಪುಸ್ತಕಕ್ಕೂ ಒಂದು ಪಹಣಿ ಇದೆ

ಜಮೀನಿನ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಂದರೆ ಏನಾಗುತ್ತದೆ ಅಂತ ಈ ಬ್ಲಾಗ್ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ‘ತಿಮ್ಮೇಗೌಡ’ ಹೋಗಿ ‘ತಮ್ಮೇಗೌಡ’ ಆದರೆ ಸಾಕು. ಬೆಳೆ ಸಾಲ ನಿಲ್ಲುತ್ತದೆ, ಪರಿಹಾರದ ದುಡ್ಡು ನಿಲ್ಲುತ್ತದೆ, ಖಾತೆ ಬದಲಾವಣೆ ನಿಲ್ಲುತ್ತದೆ. ಹೊಲ ಅಲ್ಲೇ ಇರುತ್ತದೆ, ಉಳುವವನೂ ಅಲ್ಲೇ ಇರುತ್ತಾನೆ. ಕಾಗದದಲ್ಲಿ ಮಾತ್ರ ಬೇರೆ ಯಾರೋ ಇರುತ್ತಾರೆ.

ಪುಸ್ತಕಗಳಿಗೂ ಇಂಥದ್ದೊಂದು ಪಹಣಿ ಇದೆ. ಇಂಟರ್‌ನೆಟ್‌ನಲ್ಲಿರುವ ಪುಸ್ತಕ ಪಟ್ಟಿಗಳೇ ಆ ಪಹಣಿ. ಪುಸ್ತಕದ ಹೆಸರು, ಬರೆದವರ ಹೆಸರು, ಪ್ರಕಾಶಕರು, ಮೊದಲ ಮುದ್ರಣದ ವರ್ಷ, ಪುಟಗಳ ಸಂಖ್ಯೆ, ಅನುವಾದವಾಗಿದ್ದರೆ ಅನುವಾದಕರ ಹೆಸರು. ಇಷ್ಟೇ ಅದರ ಕಾಲಂಗಳು. ಇವತ್ತು ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಹುಡುಕುವುದು ಫೋನಿನಲ್ಲಿ. ಅಲ್ಲಿ ಹೆಸರು ತಪ್ಪಿದ್ದರೆ ಅವಳ ಪಾಲಿಗೆ ಆ ಪುಸ್ತಕ ಇಲ್ಲವೇ ಇಲ್ಲ. ಅವಳ ಊರಿನ ಗ್ರಂಥಾಲಯದ ಬೀರುವಿನಲ್ಲೇ ಅದು ಧೂಳು ತಿನ್ನುತ್ತಾ ಕೂತಿರಬಹುದು, ಅದು ಬೇರೆ ಮಾತು.

ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆಯಬೇಕು. ಪುಸ್ತಕದ ಪಹಣಿ ತಿದ್ದಲು ಯಾರಿಗೂ ಅರ್ಜಿ ಕೊಡಬೇಕಿಲ್ಲ, ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಿಲ್ಲ. ಫೋನ್ ಬೇಕು, ಪುಸ್ತಕ ಕೈಯಲ್ಲಿರಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ಸುದ್ದಿ ಬರೆಯುವ ನಾವು ನಾಲ್ಕೈದು ಜನ ಕಳೆದ ಕೆಲವು ತಿಂಗಳು ಬಿಡುವಾದಾಗಲೆಲ್ಲ ಈ ಕೆಲಸ ಮಾಡಿದೆವು. ಅದರಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಕನ್ನಡದ ಹೆಸರು ಕೆಡುವುದು ಎಲ್ಲಿ?

ಮೊದಲ ತೊಡಕು ಅಕ್ಷರದ್ದು. ಬಹಳಷ್ಟು ಹಳೆಯ ಪಟ್ಟಿಗಳಲ್ಲಿ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ. ಕೆ, ಎ, ಡಿ, ಯು ಅಂತ ನಾಲ್ಕು ಅಕ್ಷರ ಬರೆದರೆ ಅದು ಕಾಡೋ, ಕಾದು ಎಂಬುದೋ, ಕಡು ಎಂಬುದೋ? ಪುಸ್ತಕ ನೋಡದವರಿಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದವರು ಊಹಿಸಿ ಕನ್ನಡಕ್ಕೆ ತಿರುಗಿಸಿದರೆ ಹೊಸ ತಪ್ಪು ಹುಟ್ಟಿತು.

ಎರಡನೆಯದು ಇನಿಷಿಯಲ್. ನಮ್ಮ ಕಡೆ ಹೆಸರಿನ ಮುಂದಿನ ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಎಸ್.ಎಲ್. ಭೈರಪ್ಪ ಅಂದರೆ ಸಂತೇಶಿವರದ ಲಿಂಗಣ್ಣಯ್ಯನವರ ಮಗ ಭೈರಪ್ಪ. ಸಂತೇಶಿವರ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಅ.ನ. ಕೃಷ್ಣರಾಯರು ಅಂದರೆ ಅರಕಲಗೂಡು ನರಸಿಂಗರಾಯರ ಮಗ. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗಂತೂ ಊರೇ ಹೆಸರಾಯಿತು. ಬರೀ ‘ಗೊರೂರರು’ ಅಂದರೆ ಸಾಕು, ಓದುಗರಿಗೆ ಅರ್ಥವಾಗುತ್ತದೆ.

ಪರದೇಶದ ಲೆಕ್ಕದಲ್ಲಿ ತಯಾರಾದ ಫಾರಂಗೆ ಇದು ಅರ್ಥವಾಗುವುದಿಲ್ಲ. ಅದು ಕೊನೆಯ ಪದವನ್ನು ಮನೆತನದ ಹೆಸರು ಅಂದುಕೊಂಡು ಮುಂದಕ್ಕೆ ತರುತ್ತದೆ. ‘ಅಯ್ಯಂಗಾರ್, ಗೊರೂರು ರಾಮಸ್ವಾಮಿ’, ‘ರಾವ್, ಎ.ಎನ್. ಕೃಷ್ಣ’ ಅಂತೆಲ್ಲ ಆಗುತ್ತದೆ. ಅ.ನ.ಕೃ. ಒಬ್ಬರನ್ನೇ ಎಷ್ಟು ರೀತಿ ಬರೆಯಬಹುದು ಎಣಿಸಿ ನೋಡಿ: ಅ.ನ.ಕೃ., ಅನಕೃ, ಎ.ಎನ್. ಕೃಷ್ಣರಾವ್, ಅ.ನ. ಕೃಷ್ಣರಾಯ, ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಕಂಪ್ಯೂಟರಿನ ಕಣ್ಣಿಗೆ ಇವರು ಐದು ಬೇರೆ ಬೇರೆ ಜನ. ಒಬ್ಬೊಬ್ಬರ ಹೆಸರಿನ ಕೆಳಗೆ ಹತ್ತಿಪ್ಪತ್ತು ಪುಸ್ತಕ ಹಂಚಿಹೋದರೆ ಅವರ ಇಡೀ ಬರವಣಿಗೆ ಒಂದೇ ಕಡೆ ಎಲ್ಲೂ ಸಿಗುವುದಿಲ್ಲ.

ಹೊಳೆನರಸೀಪುರದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪುಸ್ತಕಗಳು ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ. ಅದನ್ನು ಸ್ಥಾಪಿಸಿದವರು ಮೊದಲು ಯಲ್ಲಂಬಳಸೆಯ ಸುಬ್ಬರಾಯರು. ಸುಬ್ರಹ್ಮಣ್ಯ ಶರ್ಮ ಎಂಬ ಹೆಸರಿನಲ್ಲೂ ಬರೆದರು. 1948ರಲ್ಲಿ ಸಂನ್ಯಾಸ ತೆಗೆದುಕೊಂಡ ಮೇಲೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳಾದರು. 1975ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲೂ ಬರೆದರು. ಒಬ್ಬರೇ ಮನುಷ್ಯ, ಮೂರು ಹೆಸರು, ಮೂರು ಭಾಷೆ. ಮೂರೂ ಒಬ್ಬರೇ ಅಂತ ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದೂರದಲ್ಲಿ ಕೂತು ಪಟ್ಟಿ ಮಾಡುವವರಿಗೆ ಅದು ಹೇಗೆ ಗೊತ್ತಾಗಬೇಕು?

ನಮ್ಮ ಇಡೀ ಮಾತು ಇರುವುದು ಇಲ್ಲೇ. ಪುಸ್ತಕ ಪಟ್ಟಿ ಸರಿಮಾಡಲು ಬೇಕಾದ ತಿಳಿವಳಿಕೆಯಲ್ಲಿ ಅರ್ಧ ಹಳ್ಳಿಗಳಲ್ಲಿದೆ. ಅದು ಪಟ್ಟಿಗೆ ಇನ್ನೂ ಹೋಗಿ ಸೇರಿಲ್ಲ, ಅಷ್ಟೆ.

ಈ ದಾರಿ ಹೊಸದಲ್ಲ

ನಮಗಿಂತ ಮೊದಲೇ ಕನ್ನಡದವರು ಈ ಕೆಲಸ ಶುರು ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳತ್ವ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕ ಸ್ಕ್ಯಾನ್ ಆದವು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಕನ್ನಡ ಪುಸ್ತಕಗಳೂ ಹಾಗೆಯೇ ಆನ್‌ಲೈನ್‌ಗೆ ಬಂದವು. ಪುಟಗಳೇನೋ ಬಂದವು. ಪಟ್ಟಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿತ್ತು. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದವರಿಗೆ ಏನೂ ಸಿಗುತ್ತಿರಲಿಲ್ಲ.

ಆಗ ‘ಸಂಚಯ’ ಎಂಬ ಕನ್ನಡ ತಂತ್ರಜ್ಞಾನದ ಗೆಳೆಯರ ತಂಡ ‘ಪುಸ್ತಕ ಸಂಚಯ’ ಕಟ್ಟಿತು. ಆ ಎರಡೂ ಕಡೆಯ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕುವ ಜಾಗ ಅದು. ಇಂಗ್ಲಿಷ್ ಅಕ್ಷರದ ಸಾವಿರಾರು ಹೆಸರುಗಳನ್ನು ಕನ್ನಡಕ್ಕೆ ತರುವುದು ನಾಲ್ಕು ಜನರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ‘ಸಮೂಹ ಸಂಚಯ’ ಅಂತ ಇನ್ನೊಂದು ಪುಟ ಮಾಡಿ ಓದುಗರನ್ನೇ ಕರೆದರು. ಒಬ್ಬರು ಬಿಡುವಿದ್ದಾಗ ಹತ್ತು ಹೆಸರು, ಇನ್ನೊಬ್ಬರು ಇಪ್ಪತ್ತು ಹೆಸರು ಕನ್ನಡದಲ್ಲಿ ಬರೆದರು. ನಾಟಿ ಸಮಯದಲ್ಲಿ ಮುಯ್ಯಾಳು ಮಾಡುತ್ತೇವಲ್ಲ, ಹಾಗೆ.

ಹೊರಗಿನ ಜಗತ್ತಿನಲ್ಲೂ ಇದೇ ದಾರಿ ಇದೆ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆ 2006ರಲ್ಲಿ ಶುರು ಮಾಡಿದ ‘ಓಪನ್ ಲೈಬ್ರರಿ’ಯ ಗುರಿ ಪ್ರಪಂಚದ ಪ್ರತಿಯೊಂದು ಪುಸ್ತಕಕ್ಕೂ ಒಂದು ಪುಟ ಇರಬೇಕು ಅನ್ನುವುದು. ಉಚಿತ ಖಾತೆ ತೆರೆದ ಯಾರು ಬೇಕಾದರೂ ಅಲ್ಲಿ ತಿದ್ದಬಹುದು. 2012ರಲ್ಲಿ ಬಂದ ವಿಕಿಡೇಟಾದಲ್ಲಿ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಂದೇ ಜಾಗದಲ್ಲಿ, ಕನ್ನಡದಲ್ಲೇ ಸೇರಿಸಬಹುದು. ಅಲ್ಲಿಂದ ಬೇರೆ ಹಲವು ತಾಣಗಳು ಮಾಹಿತಿ ಎತ್ತಿಕೊಳ್ಳುತ್ತವೆ. ಒಂದು ಕಡೆ ಸರಿ ಮಾಡಿದರೆ ಹತ್ತು ಕಡೆ ಸರಿಯಾಗುವ ದಾರಿ ಇದೆ. ಒಂದು ಕಡೆ ಕೆಡಿಸಿದರೂ ಹಾಗೆಯೇ.

ಮೇಷ್ಟ್ರ ಕೋಲಾಟದ ಪುಸ್ತಕ

ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರಿದ್ದರು. ತೀರಿಕೊಂಡು ಬಹಳ ವರ್ಷವಾಯಿತು. ಸುತ್ತಲಿನ ಊರುಗಳ ಕೋಲಾಟದ ಪದಗಳನ್ನು ಬರೆದುಕೊಂಡು, ಸಂಬಳದಲ್ಲಿ ಉಳಿಸಿದ ದುಡ್ಡು ಹಾಕಿ ಹಾಸನದ ಒಂದು ಪ್ರೆಸ್‌ನಲ್ಲಿ ಸಣ್ಣ ಪುಸ್ತಕ ಅಚ್ಚು ಹಾಕಿಸಿದ್ದರು. ಅದಕ್ಕೆ ಐಎಸ್‌ಬಿಎನ್ ಸಂಖ್ಯೆ ಇಲ್ಲ. ಆ ಕಾಲದಲ್ಲಿ ಸ್ವಂತಕ್ಕೆ ಅಚ್ಚು ಹಾಕಿಸುವವರಿಗೆ ಅದರ ಸುದ್ದಿಯೇ ಇರಲಿಲ್ಲ.

ಆ ಪುಸ್ತಕ ಆನ್‌ಲೈನ್ ಪಟ್ಟಿಯೊಂದರಲ್ಲಿ ಇತ್ತು. ಆದರೆ ಅದೇ ಇನಿಷಿಯಲ್, ಅದೇ ಹೆಸರು ಇರುವ ಹೆಸರಾಂತ ಲೇಖಕರೊಬ್ಬರ ಖಾತೆಗೆ ಸೇರಿಹೋಗಿತ್ತು. ಮೇಷ್ಟ್ರ ಮೊಮ್ಮಗ ಶಾಲೆಯ ಪ್ರಾಜೆಕ್ಟ್‌ಗೆ ಅಂತ ತಾತನ ಪುಸ್ತಕ ಹುಡುಕಿದಾಗ ಬೇರೆಯವರ ಫೋಟೊ ಬಂತು. ಮೇಷ್ಟ್ರ ಮಗಳು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮ ಹತ್ತಿರ ಬಂದರು.

“ನಮ್ಮಪ್ಪ ಸೈಕಲ್ ಮೇಲೆ ಹೇರ್ಕೊಂಡೋಗಿ ಊರೂರಲ್ಲಿ ಮಾರಿದ್ ಪುಸ್ತಕ ಸಾರ್ ಇದು. ಈಗ್ ನೋಡುದ್ರೆ ಬೇರೆಯೋರ್ ಹೆಸ್ರೈತೆ. ದುಡ್ಡೇನ್ ಬ್ಯಾಡ, ಹೆಸ್ರೊಂದ್ ಸರಿ ಮಾಡ್ಸಿ” ಅಂದರು.

ಹೆಸರಾಂತ ಲೇಖಕರದ್ದು ಇದರಲ್ಲಿ ಏನೂ ತಪ್ಪಿಲ್ಲ. ಅವರಿಗೆ ಈ ಪುಸ್ತಕ ಇರುವುದೂ ಗೊತ್ತಿರಲಿಕ್ಕಿಲ್ಲ. ಯಾರೋ ಪಟ್ಟಿ ಮಾಡುವವರು ಎರಡು ಹೆಸರು ಒಂದೇ ಥರ ಕಂಡು ಒಂದಕ್ಕೆ ಸೇರಿಸಿದ್ದಾರೆ.

ನಾವು ನಾಲ್ಕು ಫೋಟೊ ತೆಗೆದೆವು. ಮುಖಪುಟ, ಹೆಸರಿರುವ ಒಳಪುಟ, ಅದರ ಹಿಂಬದಿಯ ಮುದ್ರಣದ ವಿವರ, ಮತ್ತು ಮುನ್ನುಡಿಯ ಕೊನೆಯಲ್ಲಿ ಮೇಷ್ಟ್ರು ತಮ್ಮ ಊರು, ಶಾಲೆ ಬರೆದು ಸಹಿ ಹಾಕಿದ ಪುಟ. ಮೇಷ್ಟ್ರ ಪೂರ್ತಿ ಹೆಸರಿನಲ್ಲಿ ಹೊಸ ಲೇಖಕರ ಪುಟ ಮಾಡಿ, ಪುಸ್ತಕವನ್ನು ಅಲ್ಲಿಗೆ ವರ್ಗಾಯಿಸಿ, ‘ಏಕೆ ತಿದ್ದಿದಿರಿ’ ಎಂಬ ಜಾಗದಲ್ಲಿ ಕಾರಣ ಬರೆದೆವು.

ಹದಿನೈದು ದಿನಕ್ಕೆ ಅದು ಮತ್ತೆ ಹಳೆಯ ಹೆಸರಿಗೇ ಹೋಗಿತ್ತು.

ಯಾರು, ಯಾವಾಗ ಬದಲಾಯಿಸಿದರು ಅನ್ನುವುದು ಅಂಥ ಪುಟದ ಹಿಸ್ಟರಿಯಲ್ಲಿ ಉಳಿಯುತ್ತದೆ. ನೋಡಿದೆವು. ಪರದೇಶದಲ್ಲಿರುವ ಕನ್ನಡಿಗರೊಬ್ಬರು ಬದಲಾಯಿಸಿದ್ದರು. ಇನ್ನೊಂದು ತಾಣದಲ್ಲಿ ಆ ಪುಸ್ತಕ ಹೆಸರಾಂತ ಲೇಖಕರ ಹೆಸರಿನಲ್ಲೇ ಇದ್ದುದರಿಂದ ನಾವು ಕಿಡಿಗೇಡಿತನ ಮಾಡಿದ್ದೇವೆ ಅಂದುಕೊಂಡಿದ್ದರು. ಅವರ ಉದ್ದೇಶ ಒಳ್ಳೆಯದೇ. ಫೋಟೊಗಳನ್ನು ತೋರಿಸಿ ಬರೆದೆವು. ಎರಡು ದಿನಕ್ಕೆ ಅವರೇ ಸರಿಮಾಡಿ, ಮೇಷ್ಟ್ರ ಬಗ್ಗೆ ಇನ್ನಷ್ಟು ವಿವರ ಕೇಳಿದರು.

ಇಲ್ಲಿ ಒಂದು ಪಾಠ ಇದೆ. ಎರಡು ಪಟ್ಟಿ ಒಂದೇ ಮಾತು ಹೇಳಿದರೆ ಅದು ಎರಡು ಸಾಕ್ಷಿ ಆಗಬೇಕೆಂದಿಲ್ಲ. ಒಂದು ಇನ್ನೊಂದನ್ನು ನೋಡಿ ಬರೆದಿರಬಹುದು. ಪಟ್ಟಿಯ ಮೇಲೆ ಪಟ್ಟಿ ಪೇರಿಸಿದರೂ ಪುಸ್ತಕದ ಒಂದು ಒಳಪುಟಕ್ಕೆ ಸಮ ಆಗುವುದಿಲ್ಲ. ಇಲ್ಲಿ ತೀರ್ಪು ಕೊಡುವುದು ಕೈಯಲ್ಲಿರುವ ಪುಸ್ತಕ.

ಅಭಿಮಾನ ಬೇರೆ, ದಾಖಲೆ ಬೇರೆ

ಊರಿನವರಿಗೇ ಎಲ್ಲ ಗೊತ್ತು ಅನ್ನುವ ಮಾತಿಗೂ ಒಂದು ಮಿತಿ ಇದೆ. ಅರಕಲಗೂಡಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಜಗುಲಿಯಲ್ಲಿ ಕೂತು ಅ.ನ.ಕೃ. ಪುಟ ನೋಡುತ್ತಿದ್ದೆವು. ಹುಟ್ಟಿದ ಊರು ಕೋಲಾರ ಅಂತ ಇತ್ತು. ಮೇಷ್ಟ್ರು ಸಿಟ್ಟಾದರು. “ನಮ್ಮೂರಿನ ಹೆಸರೇ ಅವರ ಹೆಸರಲ್ಲಿದೆ. ಕೋಲಾರ ಅಂದ್ರೆ ಯಾರು ಒಪ್ತಾರಪ್ಪ? ತೆಗೀರಿ ಅದನ್ನ” ಅಂದರು. ಅಕ್ಕಪಕ್ಕ ಕೂತಿದ್ದ ಏಳೆಂಟು ಜನರೂ ಹೌದು ಹೌದು ಅಂದರು.

ಆದರೆ ಅ.ನ.ಕೃ. 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲೇ. ಅರಕಲಗೂಡು ಅವರ ಮನೆತನದ ಊರು. ಅದೇ 1908ರಲ್ಲಿ ಹಾಸನದಲ್ಲಿ ಹುಟ್ಟಿದ ದೊಡ್ಡ ಲೇಖಕರು ಇನ್ನೊಬ್ಬರಿದ್ದಾರೆ. ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿ ಬರೆದ ರಾಜಾ ರಾವ್. ಅವರ ಹೆಸರಿನಲ್ಲಿ ಯಾವ ಊರೂ ಇಲ್ಲ. ಹೆಸರಿನಲ್ಲಿ ಊರಿರುವವರು ಬೇರೆ ಊರಿನಲ್ಲಿ ಹುಟ್ಟಿದರು, ಇಲ್ಲಿ ಹುಟ್ಟಿದವರ ಹೆಸರಿನಲ್ಲಿ ಊರಿಲ್ಲ. ಇದನ್ನು ಹೇಳಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಪೂರ್ವಿಕರ ಊರು ಅರಕಲಗೂಡು ಅಂತ ಬೇರೆ ಸಾಲಲ್ಲಿ ಬರೀರಿ” ಅಂದರು. ಅದು ಸರಿಯಾದ ತಿದ್ದುಪಡಿ. ಹಾಗೇ ಬರೆದೆವು.

ಎಂಟು ಜನ ಕೈ ಎತ್ತಿದರೆ ಗ್ರಾಮಸಭೆಯಲ್ಲಿ ನಿರ್ಣಯ ಪಾಸಾಗಬಹುದು. ಹುಟ್ಟಿದ ಊರು ಕೈ ಎತ್ತಿದರೆ ಬದಲಾಗುವುದಿಲ್ಲ.

ಜಾತಿಯ ವಿಷಯದಲ್ಲೂ ಹೀಗೇ ಎಚ್ಚರ ಬೇಕು. ಪುಸ್ತಕದ ಮೇಲೆ ಲೇಖಕರು ಬರೀ ಹೆಸರು ಹಾಕಿಕೊಂಡಿದ್ದರೆ, ಅದರ ಮುಂದೆ ‘ಗೌಡ’ವೋ ‘ಶಾಸ್ತ್ರಿ’ಯೋ ಸೇರಿಸುವ ಹಕ್ಕು ನಮಗಿಲ್ಲ. ನಮ್ಮವರು ಅಂತ ತೋರಿಸಿಕೊಳ್ಳುವ ಆಸೆಗೆ ಹಾಗೆ ಸೇರಿಸುವವರು ಇದ್ದಾರೆ. ಬೇಡ ಅಂತ ಲೇಖಕರೇ ಬಿಟ್ಟದ್ದನ್ನು ನಾವು ಮತ್ತೆ ಅಂಟಿಸಬಾರದು.

ಒಂದೇ ಪುಸ್ತಕವೋ, ಬೇರೆ ಪುಸ್ತಕವೋ?

ತಿದ್ದುವವರು ಎಡವುವ ಇನ್ನೊಂದು ಜಾಗ ಮುದ್ರಣ. ಭೈರಪ್ಪನವರ ‘ಗೃಹಭಂಗ’ ಮೊದಲು ಬಂದದ್ದು 1970ರಲ್ಲಿ. ನಿಮ್ಮ ಮನೆಯಲ್ಲಿರುವ ಪ್ರತಿ ಎಷ್ಟೋ ವರ್ಷ ಆಮೇಲಿನ ಮುದ್ರಣ ಇರಬಹುದು. ಆ ಪ್ರತಿಯ ವರ್ಷವನ್ನೇ ಪುಸ್ತಕದ ವರ್ಷ ಅಂತ ಹಾಕಿದರೆ ಓದುವವರು ಲೆಕ್ಕ ತಪ್ಪುತ್ತಾರೆ. ಕೃತಿ ಒಂದು, ಅದರ ಮುದ್ರಣಗಳು ಹಲವು. ಒಳ್ಳೆಯ ಪಟ್ಟಿಗಳಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇರುತ್ತದೆ.

ಹಾಗಂತ ಎಲ್ಲ ಮುದ್ರಣವನ್ನೂ ಕಣ್ಣುಮುಚ್ಚಿ ಒಂದು ಮಾಡಲೂ ಬಾರದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳ ಸಂಪುಟ ನೋಡಿ. ಬಿ.ಎಲ್. ರೈಸ್ 1889ರಲ್ಲಿ ತಂದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಹೊರಗಿನ ಹೆಸರು ಒಂದೇ. ಒಳಗೆ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ರೈಸ್ ಹೆಸರು ಮಾತ್ರ ಉಳಿಸಿದರೆ ನರಸಿಂಹಾಚಾರ್ಯರ ದುಡಿಮೆ ಮಾಯವಾಗುತ್ತದೆ.

ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೂಡ ಇಂಥದ್ದೇ ಎಚ್ಚರ ಕೇಳುವ ಪುಸ್ತಕ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರ ಹೆಸರನ್ನೇ ಮುಷ್ತಾಕ್, ಮುಸ್ತಾಕ್ ಅಂತ ಒಬ್ಬೊಬ್ಬರು ಒಂದೊಂದು ರೀತಿ ಬರೆದರು. ಅದಕ್ಕಿಂತ ಮುಖ್ಯವಾದದ್ದು ಇದು: ಆ ಇಂಗ್ಲಿಷ್ ಪುಸ್ತಕ ಕನ್ನಡದ ಯಾವುದೋ ಒಂದು ಪುಸ್ತಕದ ನೇರ ಅನುವಾದ ಅಲ್ಲ. 1990ರಿಂದ 2023ರ ನಡುವೆ ಬರೆದ ಕಥೆಗಳಲ್ಲಿ 12ನ್ನು ಆರಿಸಿ ದೀಪಾ ಭಾಸ್ತಿ ಅನುವಾದಿಸಿದ್ದಾರೆ. ‘ಎದೆಯ ಹಣತೆ’ ಅದರಲ್ಲಿ ಒಂದು ಕಥೆ. ‘ಮೂಲ ಕೃತಿ’ ಎಂಬ ಕಾಲಂನಲ್ಲಿ ಒಂದೇ ಹೆಸರು ತುಂಬಿಸಿದರೆ ತಪ್ಪಾಗುತ್ತದೆ. ಅನುವಾದಕರ ಕಾಲಂ ಖಾಲಿ ಬಿಟ್ಟರೂ ಅಷ್ಟೇ ತಪ್ಪು. ಆ ಪ್ರಶಸ್ತಿಯ ಹಣವನ್ನೇ ಲೇಖಕರಿಗೂ ಅನುವಾದಕರಿಗೂ ಸಮವಾಗಿ ಹಂಚುತ್ತಾರೆ. ಪಟ್ಟಿಯಲ್ಲಿ ಒಂದು ಸಾಲು ಕೊಡಲು ನಮಗೇನು ಕಷ್ಟ?

ನೀವು ಮಾಡಬಹುದಾದದ್ದು

ಮೊದಲು ಹುಡುಕಿ. ನಿಮ್ಮ ಊರಿನ ಲೇಖಕರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇನಿಷಿಯಲ್ ಇಟ್ಟೂ ಬಿಟ್ಟೂ ಹುಡುಕಿ ನೋಡಿ. ಒಂದೇ ಮನುಷ್ಯ ಎರಡು ಮೂರು ಕಡೆ ಇದ್ದರೆ ಬರೆದಿಟ್ಟುಕೊಳ್ಳಿ.

ಆಮೇಲೆ ಪುಸ್ತಕ ಕೈಗೆ ತೆಗೆದುಕೊಳ್ಳಿ. ನೆನಪಿನಿಂದ ತಿದ್ದಬೇಡಿ. ಮನೆಯಲ್ಲಿ ಇಲ್ಲದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ. ಹೆಸರಿರುವ ಒಳಪುಟ ಮತ್ತು ಅದರ ಹಿಂಬದಿ ನೋಡಿ. ಮುಖಪುಟಕ್ಕಿಂತ ಒಳಪುಟದ ಮಾತು ಹೆಚ್ಚು ಗಟ್ಟಿ. ಮುಖಪುಟದಲ್ಲಿ ಜಾಗ ಸಾಲದೆ ಹೆಸರು ಚಿಕ್ಕದಾಗಿರುತ್ತದೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ವಿಷಯ ತಿದ್ದಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಪುಸ್ತಕದ ಒಳಪುಟ ನೋಡಿ ತಿದ್ದಿದೆ’ ಅಂದರೂ ಸಾಕು. ಇನ್ನೊಂದು ಹೆಸರನ್ನು ಅಳಿಸಬೇಡಿ, ‘ಇತರ ಹೆಸರುಗಳು’ ಎಂಬ ಜಾಗಕ್ಕೆ ಸೇರಿಸಿ. ಅ.ನ.ಕೃ. ಅಂತ ಹುಡುಕುವವರಿಗೂ ಕೃಷ್ಣರಾವ್ ಅಂತ ಹುಡುಕುವವರಿಗೂ ಒಂದೇ ಬಾಗಿಲು ತೆರೆಯಬೇಕು. ಇಬ್ಬರು ಲೇಖಕರ ಪುಟವನ್ನು ಒಂದು ಮಾಡುವುದು ದೊಡ್ಡ ಕೆಲಸ. ಅದನ್ನು ಅನುಭವ ಇರುವ ಸ್ವಯಂಸೇವಕರಿಗೆ ಕೇಳಿ ಮಾಡಿಸಿ.

ಐಎಸ್‌ಬಿಎನ್ ಇಲ್ಲದ ಪುಸ್ತಕವನ್ನು ಬಿಟ್ಟುಬಿಡಬೇಡಿ. ಆ ಸಂಖ್ಯೆಯ ಪದ್ಧತಿಯೇ ಜಗತ್ತಿನಲ್ಲಿ ನೆಲೆಗೊಂಡದ್ದು 1970ರ ಹೊತ್ತಿಗೆ. ಅದಕ್ಕಿಂತ ಹಳೆಯದಕ್ಕೆ ಅದು ಇರುವುದು ಸಾಧ್ಯವೇ ಇಲ್ಲ. ಈಗ ಹೊಸದಾಗಿ ಪುಸ್ತಕ ಅಚ್ಚು ಹಾಕಿಸುವವರು ಮಾತ್ರ ಅದನ್ನು ಮರೆಯಬೇಡಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ.

ಇನ್ನೊಂದು ಮಾತು. ಮಾಹಿತಿ ತಿದ್ದುವುದು ಬೇರೆ, ಇಡೀ ಪುಸ್ತಕದ ಫೋಟೊ ತೆಗೆದು ಹಾಕುವುದು ಬೇರೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1971ರಲ್ಲಿ ತೀರಿಕೊಂಡ ಅ.ನ.ಕೃ. ಪುಸ್ತಕಗಳಿಗೆ 2031ರ ಕೊನೆಯವರೆಗೆ, 1991ರಲ್ಲಿ ತೀರಿಕೊಂಡ ಗೊರೂರರ ಪುಸ್ತಕಗಳಿಗೆ 2051ರ ಕೊನೆಯವರೆಗೆ ಅದು ಅನ್ವಯಿಸುತ್ತದೆ. ಹೆಸರು, ವರ್ಷ, ಪುಟಸಂಖ್ಯೆ ಬರೆಯಲು ಯಾರ ಅಡ್ಡಿಯೂ ಇಲ್ಲ.

ಇನ್ನೂ ಉಳಿದಿರುವುದು

ಈ ಕೆಲಸಕ್ಕೆ ಸಂಬಳ ಇಲ್ಲ, ಬೈಲೈನ್ ಇಲ್ಲ. ಮಾಡಿ ಮುಗಿಸಿದೆವು ಅನ್ನುವಂತೆಯೂ ಇಲ್ಲ. ಮೇಷ್ಟ್ರ ಪುಸ್ತಕ ಒಂದು ತಾಣದಲ್ಲಿ ಸರಿಯಾಗಿದೆ, ಪುಸ್ತಕ ಮಾರುವ ಇನ್ನೊಂದು ತಾಣದಲ್ಲಿ ಇವತ್ತಿಗೂ ಹಳೆಯ ಹೆಸರೇ ಇದೆ. ಅಲ್ಲಿ ಓದುಗರು ತಿದ್ದಲು ಅವಕಾಶ ಇಲ್ಲ. ಎರಡು ಸಲ ಬರೆದಿದ್ದೇವೆ, ಮೂರನೇ ಸಲವೂ ಬರೆಯುತ್ತೇವೆ.

ನಮ್ಮ ಜಿಲ್ಲೆಯ ಹೆಸರಾಂತ ಲೇಖಕರ ಪುಟಗಳನ್ನು ನೋಡಿಕೊಳ್ಳಲು ಬೆಂಗಳೂರಿನಲ್ಲೂ ಹೊರದೇಶದಲ್ಲೂ ಜನ ಇದ್ದಾರೆ. ಸೋಬಾನೆ ಪದ ಬರೆದಿಟ್ಟ ಅಜ್ಜಿಯ ಪುಸ್ತಕ, ಊರ ಜಾತ್ರೆಯ ಇತಿಹಾಸ ಬರೆದ ಶಾನುಭೋಗರ ಪುಸ್ತಕ, ಶಾಲೆಯ ಬೆಳ್ಳಿಹಬ್ಬಕ್ಕೆ ಬಂದ ಸ್ಮರಣ ಸಂಚಿಕೆ, ಇವಕ್ಕೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಎಷ್ಟೋ ಪುಸ್ತಕಗಳ ಕೊನೆಯ ಪ್ರತಿ ನಿಮ್ಮ ಅಟ್ಟದ ಮೇಲೆಯೇ ಇರಬಹುದು. ಗೆದ್ದಲು ಹತ್ತುವ ಮೊದಲು ಇಳಿಸಿ ನೋಡಿ. ಒಳಪುಟ ತೆರೆದು, ಅಲ್ಲಿರುವ ಹೆಸರನ್ನು ಅಲ್ಲಿರುವ ಹಾಗೆಯೇ ಪಟ್ಟಿಗೆ ಸೇರಿಸಿ.